ಇಲ್ಲದ ನೆಲದಿಂದ ಒಂದು ಮೀಟರ್ ಮೇಲೆ

ತಾರಸಿಯ ಮೋಲ್ಡ್ ಮುಗಿದು, ಗೋಡೆ ಎದ್ದು, ಪ್ಲಾಸ್ಟರ್ ಇನ್ನೂ ಶುರುವಾಗದ ಮನೆಯೊಳಗೆ ಹೊಕ್ಕರೆ ಗೋಡೆಗಳ ಮೇಲೆ ಒಂದು ಗೆರೆ ಕಾಣುತ್ತದೆ. ನೀಲಿಪುಡಿ ಸವರಿದ ದಾರವನ್ನು ಇಬ್ಬರು ಎರಡು ತುದಿಯಲ್ಲಿ ಬಿಗಿಹಿಡಿದು, ನಡುವೆ ಎಳೆದು ಬಿಟ್ಟಾಗ ಅದು ಗೋಡೆಗೆ ಚಟ್ಟೆಂದು ಬಡಿದು ಮೂಡುವ ಗೆರೆ. ಹಾಲಿನಲ್ಲಿ ಹೊರಟು, ಅಡುಗೆಮನೆ ಹೊಕ್ಕು, ಬಚ್ಚಲು ಸುತ್ತಿ, ದೇವರ ಕೋಣೆ ಹಾದು, ಮತ್ತೆ ಹಾಲಿಗೆ ಬಂದು ಹೊರಟ ಜಾಗವನ್ನೇ ಮುಟ್ಟುತ್ತದೆ. ಮುಟ್ಟದೆ ಕಾಲಿಂಚು ಮೇಲೋ ಕೆಳಗೋ ಬಂದರೆ ಎಲ್ಲ ಅಳಿಸಿ ಮೊದಲಿಂದ ಹಾಕಬೇಕು. ಸೈಟಿನಲ್ಲಿ ಇದಕ್ಕೆ ಮೀಟರ್ ಲೆವೆಲ್ ಅನ್ನುತ್ತಾರೆ. ಅಡಿ-ಇಂಚು ಬಿಡದ ಹಳೇ ಮೇಸ್ತ್ರಿಗಳಿಗೆ ಮೂರಡಿ ಲೆವೆಲ್.

ಎಲ್ಲಿಂದ ಒಂದು ಮೀಟರ್ ಅಂದರೆ, ನೆಲದಿಂದ. ಆದರೆ ಆ ನೆಲ ಇನ್ನೂ ಹಾಕಿಯೇ ಇಲ್ಲ. ಕಾಲ ಕೆಳಗಿರುವುದು ಉಬ್ಬುತಗ್ಗಿನ ಒರಟು ಕಾಂಕ್ರೀಟು. ಅದರ ಮೇಲೆ ಮುಂದೊಂದು ದಿನ ಗಾರೆ ಹಾಸಿ, ಟೈಲ್ಸೋ ಗ್ರಾನೈಟೋ ಕೂರಿಸಿ, ಮನೆಯವರು ಬರಿಗಾಲಲ್ಲಿ ಓಡಾಡುವ ನೆಲವೊಂದು ಬರಲಿದೆ. ಅದು ಎಲ್ಲಿಗೆ ಬರುತ್ತದೆ ಅಂತ ಮೇಸ್ತ್ರಿ ಈಗಲೇ ತೀರ್ಮಾನಿಸಿ, ಅಲ್ಲಿಂದ ಒಂದು ಮೀಟರ್ ಮೇಲಕ್ಕೆ ಅಳೆದು ಗೆರೆ ಹೊಡೆದಿದ್ದಾನೆ. ಬಾಗಿಲ ಚೌಕಟ್ಟು ನಿಲ್ಲಿಸುವ ಬಡಗಿ, ಸ್ವಿಚ್ ಬಾಕ್ಸ್ ಹೂಳುವ ಎಲೆಕ್ಟ್ರಿಷಿಯನ್, ಬಚ್ಚಲಿನ ಟ್ರ್ಯಾಪ್ ಕೂರಿಸುವ ಪ್ಲಂಬರ್, ಅಡುಗೆ ಕಟ್ಟೆಗೆ ಚಪ್ಪಡಿ ಇಡುವವನು ಎಲ್ಲರೂ ಈ ಗೆರೆಯಿಂದ ಟೇಪು ಇಳಿಬಿಟ್ಟು ಅಳೆಯುತ್ತಾರೆ. ಒಬ್ಬರ ಮುಖ ಒಬ್ಬರು ನೋಡದೆಯೂ ಇರಬಹುದು. ಬೇರೆ ಬೇರೆ ತಿಂಗಳಲ್ಲಿ, ಬೇರೆ ಬೇರೆ ಭಾಷೆ ಆಡುವವರು ಬಂದು ಹೋಗುತ್ತಾರೆ. ಅವರೆಲ್ಲರ ನಡುವಿನ ಒಪ್ಪಂದ ಇದೊಂದೇ.

ಈ ಗೆರೆ ಹಾಕಲು ಈಗ ಲೇಸರ್ ಯಂತ್ರಗಳು ಬಂದಿವೆ. ಆದರೂ ನಮ್ಮ ಸಾಮಾನ್ಯ ಸೈಟುಗಳಲ್ಲಿ ನೀರು ತುಂಬಿದ ಪಾರದರ್ಶಕ ಪೈಪೇ ಇವತ್ತಿಗೂ ಪ್ರಮಾಣ. ಒಂದು ತುದಿಯನ್ನು ಒಬ್ಬ ಗುರುತಿಗೆ ಹಿಡಿದು ನಿಲ್ಲುತ್ತಾನೆ. ಇನ್ನೊಂದು ತುದಿ ಹಿಡಿದವನು ಕೋಣೆ ದಾಟಿ ಹೋಗಿ ನೀರು ಅಲ್ಲಾಟ ನಿಲ್ಲಿಸುವವರೆಗೆ ಕಾಯುತ್ತಾನೆ. ನೀರಿಗೆ ಗೋಡೆ ಅಡ್ಡವಿದ್ದರೂ ತನ್ನ ಮಟ್ಟ ಗೊತ್ತು. ಪೈಪಿನೊಳಗೆ ಒಂದು ಗಾಳಿಗುಳ್ಳೆ ಸಿಕ್ಕಿಕೊಂಡಿದ್ದರೆ ಮಾತ್ರ ಲೆಕ್ಕ ತಪ್ಪುತ್ತದೆ. ಅದಕ್ಕೇ ಅನುಭವಸ್ಥ ಮೇಸ್ತ್ರಿ ಮೊದಲು ಪೈಪಿನ ಎರಡೂ ತುದಿಗಳನ್ನು ಅಕ್ಕಪಕ್ಕ ಹಿಡಿದು, ನೀರು ಸಮ ನಿಂತಿದೆಯೇ ಅಂತ ನೋಡಿಕೊಂಡೇ ಹೆಜ್ಜೆ ಇಡುವುದು.

ಕಟ್ಟಡದ ಕಸುಬುಗಳನ್ನು ನಾವು ಬಿಡಿಬಿಡಿಯಾಗಿ ನೋಡಿ ಅಭ್ಯಾಸ. ಗಾರೆಯವರು, ಕಂಬಿಯವರು, ಸೆಂಟ್ರಿಂಗಿನವರು, ಬಡಗಿ, ಟೈಲ್ಸಿನವರು, ಪೇಂಟರು. ಯಾರ ಕೈ ಚೆನ್ನಾಗಿದೆ, ಯಾರದ್ದು ಒರಟು ಅಂತ ಮಾತಾಡುತ್ತೇವೆ. ನನಗೆ ಕಾಣುವಂತೆ ಈ ಕಸುಬುಗಳಲ್ಲಿ ಪಳಗಿದ ಕೈ ಅಂದರೆ ತನ್ನ ನಂತರ ಬರುವವನನ್ನು ನೆನಪಿಟ್ಟುಕೊಂಡ ಕೈ. ಕಟ್ಟಡದಲ್ಲಿ ಆದ ತಪ್ಪು ಆದ ಜಾಗದಲ್ಲಿ ಉಳಿಯುವುದಿಲ್ಲ. ಒಬ್ಬರಿಂದ ಒಬ್ಬರಿಗೆ ದಾಟುತ್ತಾ ಕೊನೆಯವನ ತಲೆಗೆ ಬರುತ್ತದೆ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತ ಗಾದೆ ಕಟ್ಟಿದವರು ಮನೆಯನ್ನೇ ಮೊದಲು ಇಟ್ಟಿದ್ದಕ್ಕೆ ಕಾರಣ ಇದ್ದಿರಬೇಕು.

ಪಾಯದ ದಿನದ ಕಾಲಿಂಚು

ಗುದ್ದಲಿ ಪೂಜೆ ಮುಗಿದು ಪಾಯಕ್ಕೆ ಗುರುತು ಹಾಕುವಾಗ ಮೇಸ್ತ್ರಿ ಮೂಲೆ ಹಿಡಿಯುವುದನ್ನು ನೋಡಬೇಕು. ಒಂದು ದಾರದ ಮೇಲೆ ಮೂರಡಿಗೆ, ಅದಕ್ಕೆ ಅಡ್ಡ ಕಟ್ಟಿದ ದಾರದ ಮೇಲೆ ನಾಲ್ಕಡಿಗೆ ಗುರುತು. ಎರಡು ಗುರುತುಗಳ ನಡುವೆ ಟೇಪು ಹಿಡಿದಾಗ ಸರಿಯಾಗಿ ಐದಡಿ ಬಂದರೆ ಮೂಲೆ ಮಟ್ಟ. ಯಜ್ಞವೇದಿ ಅಳೆಯಲು ಶುಲ್ಬಸೂತ್ರಗಳು ಹಗ್ಗದ ಭಾಷೆಯಲ್ಲಿ ಹೇಳಿದ ಲೆಕ್ಕವೂ ಇದೇ ಜಾತಿಯದು. ಶಾಲೆಯ ಮೆಟ್ಟಿಲು ಹತ್ತದ ಮೇಸ್ತ್ರಿಯೂ ಇದನ್ನು ಕಣ್ಣು ಮುಚ್ಚಿ ಮಾಡುತ್ತಾನೆ.

ಆದರೆ ಮೂರು-ನಾಲ್ಕು-ಐದು ಸಣ್ಣ ತ್ರಿಕೋನ. ನಾಲ್ಕಡಿಯಲ್ಲಿ ಕಾಲಿಂಚು ಜಾರಿದರೆ ಮೂವತ್ತು-ನಲವತ್ತರ ಸೈಟಿನ ನಲವತ್ತಡಿ ಗೋಡೆಯ ತುದಿಗೆ ಹೋಗುವಾಗ ಅದು ಎರಡೂವರೆ ಇಂಚಾಗಿ ಬೆಳೆದಿರುತ್ತದೆ. ಅದಕ್ಕೇ ಜಾಗ್ರತೆಯವರು ಒಂಬತ್ತು-ಹನ್ನೆರಡು-ಹದಿನೈದು ಹಿಡಿಯುತ್ತಾರೆ. ಆಮೇಲೆ ಎದುರುಬದುರು ಮೂಲೆಗಳ ನಡುವೆ ಎರಡೂ ಕಡೆ ಅಡ್ಡ ಅಳೆದು ಸಮ ಇದೆಯೇ ಅಂತ ನೋಡುತ್ತಾರೆ. ಐದು ನಿಮಿಷದ ಕೆಲಸ. ಅದನ್ನು ಬಿಟ್ಟರೆ ಆ ಎರಡೂವರೆ ಇಂಚು ಎಲ್ಲೂ ಹೋಗುವುದಿಲ್ಲ, ಮಣ್ಣಿನಡಿ ಅಡಗಿ ಕೂರುತ್ತದೆ. ಗೋಡೆ ಕಟ್ಟುವಾಗ ಗೊತ್ತಾಗುವುದಿಲ್ಲ, ಮೋಲ್ಡ್ ಹಾಕುವಾಗ ಗೊತ್ತಾಗುವುದಿಲ್ಲ, ಪ್ಲಾಸ್ಟರಿನವನಿಗೂ ಅದು ಕಾಣುವುದಿಲ್ಲ. ಎಂಟು-ಹತ್ತು ತಿಂಗಳಾದ ಮೇಲೆ ಟೈಲ್ಸಿನವನು ಬಂದು ಗೋಡೆಯ ಬುಡದಿಂದ ಮೊದಲ ಸಾಲು ಇಡುತ್ತಾನಲ್ಲ, ಆಗ ಅದು ಎದ್ದು ಬರುತ್ತದೆ. ಎರಡಡಿ ಚೌಕದ ಟೈಲು ಸುಳ್ಳು ಹೇಳುವುದಿಲ್ಲ. ಮನೆಯ ಈ ತುದಿಯಲ್ಲಿ ನಾಲ್ಕಿಂಚಿನ ತುಂಡು, ಆ ತುದಿಗೆ ಹೋಗುವಾಗ ಒಂದೂವರೆ ಇಂಚು. ಮನೆಯೊಡತಿ ಬಂದು ನೋಡಿ, “ಏನಪ್ಪಾ, ಟೈಲ್ಸ್ ಸೊಟ್ಟ ಹಾಕಿದ್ದೀಯ” ಅನ್ನುತ್ತಾರೆ. ಸೊಟ್ಟಗಿರುವುದು ಮನೆ ಅಂತ ಗೃಹಪ್ರವೇಶದ ಹೊಸ್ತಿಲಲ್ಲಿ ನಿಂತವರಿಗೆ ಹೇಳುವ ಧೈರ್ಯ ಯಾವ ಟೈಲ್ಸಿನವನಿಗಿದೆ? ತುಂಡು ಬೀಳುವ ಬದಿಯನ್ನು ಮಂಚ ಬರುವ ಗೋಡೆಯ ಕಡೆಗೆ ತಿರುಗಿಸಿ ಜಾಣತನದಿಂದ ಮುಗಿಸಿಬಿಡುತ್ತಾನೆ.

ಹೀಗೆ ದಾಟಿ ಬರುವ ತಪ್ಪುಗಳಲ್ಲಿ ನನಗೆ ಅತ್ಯಂತ ತಮಾಷೆಯಾಗಿ ಕಾಣುವುದು ಬಚ್ಚಲಿನದು. ನಹಾನಿ ಟ್ರ್ಯಾಪ್ ಅನ್ನುವ ಆ ಪುಟ್ಟ ಬಟ್ಟಲು ಬಚ್ಚಲಿನ ಅತಿ ತಗ್ಗಿನ ಜಾಗದಲ್ಲಿರಬೇಕು. ಪ್ಲಂಬರ್ ಅದನ್ನು ಕೂರಿಸುವಾಗ ಸುತ್ತ ನೆಲವೇ ಇರುವುದಿಲ್ಲ. ಮುಂದೆ ಬರುವ ಜಲನಿರೋಧಕ ಪದರ, ಅದರ ಮೇಲಿನ ಗಾರೆ, ಅದರ ಮೇಲಿನ ಟೈಲಿನ ದಪ್ಪ, ಬಾಗಿಲಿನಿಂದ ಟ್ರ್ಯಾಪಿನವರೆಗೆ ಬೇಕಾದ ಇಳಿಜಾರು, ಇಷ್ಟನ್ನೂ ಮನಸ್ಸಿನಲ್ಲೇ ಕೂಡಿ ಕಳೆದು ಗಾಳಿಯಲ್ಲಿ ಒಂದು ಎತ್ತರ ಹಿಡಿಯಬೇಕು. ಅರ್ಧ ಇಂಚು ಮೇಲೆ ಹಿಡಿದನೋ, ಆ ಮನೆಯವರು ಮುಂದಿನ ಮೂವತ್ತು ವರ್ಷ ದಿನಾ ಬೆಳಿಗ್ಗೆ ವೈಪರ್ ಹಿಡಿದು ನೀರನ್ನು ಏರು ಹತ್ತಿಸುತ್ತಾರೆ. ಬೈಗುಳ ಮಾತ್ರ ಟೈಲ್ಸಿನವನಿಗೇ.

ಯಾರದ್ದೂ ಅಲ್ಲದ ಕೆಲಸ

ಮೋಲ್ಡ್ ಹಾಕುವ ದಿನದ ಗದ್ದಲ ಗೊತ್ತಲ್ಲ. ಮಿಕ್ಸರ್ ಸದ್ದು, ಜಲ್ಲಿ ಸುರಿಯುವ ಸದ್ದು, ಬಾಣಲೆ ದಾಟಿಸುವ ಸಾಲು, ಮಧ್ಯಾಹ್ನಕ್ಕೆ ಎಲ್ಲರಿಗೂ ಊಟ. ಆ ದಿನಕ್ಕಿಂತ ಹಿಂದಿನ ದಿನ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಸೆಂಟ್ರಿಂಗಿನವರು ಶೀಟು ಹಾಸಿ, ಕೆಳಗೆ ಪ್ರಾಪ್ ಕೊಟ್ಟು ಇಳಿದಿರುತ್ತಾರೆ. ಕಂಬಿಯವರು ಎಂಟು, ಹತ್ತು ಎಂಎಂ ಕಂಬಿಗಳನ್ನು ಜಾಲರಿಯಾಗಿ ಹೆಣೆದು, ಬೈಂಡಿಂಗ್ ವೈರಿನಿಂದ ಗಂಟು ಹಾಕುತ್ತಿರುತ್ತಾರೆ. ಅವರು ಮುಗಿಸಿ, ಕಾಂಕ್ರೀಟು ಬರುವ ಮುಂಚಿನ ಒಂದೆರಡು ಗಂಟೆ ಎಲೆಕ್ಟ್ರಿಷಿಯನ್‌ಗೆ ಸೇರಿದ್ದು. ಫ್ಯಾನ್ ಬಾಕ್ಸು, ಲೈಟಿನ ಪೈಪು ಎಲ್ಲ ಆಗಲೇ ಕಂಬಿಯ ನಡುವೆ ಹೋಗಬೇಕು. ಆ ಗಳಿಗೆ ತಪ್ಪಿದರೆ ಮುಂದೆ ಗಟ್ಟಿಯಾದ ತಾರಸಿಯನ್ನು ಕೊರೆಯುವುದೊಂದೇ ದಾರಿ.

ಕಂಬಿಯ ಕೆಳಗೆ ಸಿಮೆಂಟಿನ ಪುಟ್ಟ ತುಂಡುಗಳನ್ನು ಇಡುತ್ತಾರೆ, ಕವರ್ ಬ್ಲಾಕ್ ಅಂತ. ಬೆಂಕಿಪೊಟ್ಟಣದ ಗಾತ್ರವೂ ಇರದ ಈ ವಸ್ತುವಿನ ಕೆಲಸ ಕಂಬಿಯನ್ನು ಶೀಟಿಗೆ ತಾಗದಂತೆ ಎತ್ತಿ ಹಿಡಿಯುವುದು. ಸಾಮಾನ್ಯ ಮನೆಯ ತಾರಸಿಗೆ 20 ಎಂಎಂ, ಕಂಬಕ್ಕೆ 40, ಪಾಯದ ಕಾಂಕ್ರೀಟಿಗೆ 50 ಎಂಎಂ ಕವರ್ ಇರಬೇಕು ಅನ್ನುತ್ತದೆ ಐಎಸ್ 456 ಸಂಹಿತೆ. ಬ್ಲಾಕ್ ಇಡುವುದನ್ನು ಮರೆತರೆ, ಅಥವಾ ಇಟ್ಟಿದ್ದನ್ನು ಕಾಂಕ್ರೀಟಿನವರು ತುಳಿದು ಉರುಳಿಸಿದರೆ, ಆ ದಿನ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಹತ್ತಾರು ಮಳೆಗಾಲ ಕಳೆದ ಮೇಲೆ ತೇವ ಕಂಬಿಯನ್ನು ಮುಟ್ಟಿ ತುಕ್ಕು ಹಿಡಿಸುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಕೇಳುತ್ತದೆ. ಅದು ಹಿಗ್ಗಿದಾಗ ಕಾಂಕ್ರೀಟು ಹಕ್ಕಳೆಯಾಗಿ ಉದುರುತ್ತದೆ. ಹಳೇ ಕ್ವಾರ್ಟರ್ಸುಗಳ ವರಾಂಡದಲ್ಲಿ ತಲೆ ಎತ್ತಿದರೆ ಕಾಣುವ ಕೆಂಪು ಕಂಬಿಗಳ ಹಿಂದೆ ಎಷ್ಟೋ ಸಲ ಇಂಥ ಇಡದೆ ಬಿಟ್ಟ ತುಂಡುಗಳೇ ಇರುತ್ತವೆ.

ಮೋಲ್ಡ್ ಮುಗಿದ ಮರುದಿನ ಶುರುವಾಗುವ ಕೆಲಸಕ್ಕೆ ಹೆಸರಿದೆ, ಆದರೆ ಕಸುಬುದಾರನಿಲ್ಲ. ಕ್ಯೂರಿಂಗ್. ಸಿಮೆಂಟು ಒಣಗಿ ಗಟ್ಟಿಯಾಗುತ್ತದೆ ಅಂತ ಬಹಳ ಜನ ನಂಬಿದ್ದಾರೆ. ನಿಜವಾಗಿ ಅದು ನೀರಿನೊಡನೆ ಬೆರೆತು, ನೀರನ್ನು ಒಳಗೆ ಕಟ್ಟಿಕೊಂಡು ಗಟ್ಟಿಯಾಗುತ್ತದೆ. ಬೇಗ ಒಣಗಿದರೆ ಆ ಕ್ರಿಯೆ ಅರ್ಧಕ್ಕೇ ನಿಲ್ಲುತ್ತದೆ. ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ ತೇವ ಆರಬಾರದು, ಹಾರುಬೂದಿ ಬೆರೆಸಿದ ಸಿಮೆಂಟಿಗೆ ಕನಿಷ್ಠ 10 ದಿನ, ಸಾಧ್ಯವಾದರೆ 14 ದಿನ ಅನ್ನುತ್ತದೆ ಅದೇ ಸಂಹಿತೆ. ಇವತ್ತು ಮನೆ ಕಟ್ಟುವವರು ಬಹುಪಾಲು ತರುವುದು ಹಾರುಬೂದಿಯ ಪಿಪಿಸಿ ಮೂಟೆಯನ್ನೇ. ಅಂದರೆ ಹತ್ತು ದಿನಕ್ಕಿಂತ ಕಡಿಮೆ ಮಾಡುವ ಹಾಗೇ ಇಲ್ಲ.

ಇದನ್ನು ಮಾಡುವವರು ಯಾರು? ಮೇಸ್ತ್ರಿಯ ಲೇಬರ್ ಕಾಂಟ್ರಾಕ್ಟಿನಲ್ಲಿ ಚದರಕ್ಕಿಷ್ಟು ಅಂತ ಎಲ್ಲದಕ್ಕೂ ದರ ಬರೆದಿರುತ್ತದೆ, ನೀರು ಹಾಕುವುದಕ್ಕೆ ಒಂದು ಸಾಲೂ ಇರುವುದಿಲ್ಲ. ಸೈಟಿನ ಮೂಲೆಯ ಶೆಡ್ಡಿನಲ್ಲಿ ಯಾದಗಿರಿಯಿಂದಲೋ ರಾಯಚೂರಿನಿಂದಲೋ ಬಂದ ವಾಚ್‌ಮನ್ ಸಂಸಾರವೊಂದು ಇರುತ್ತದೆ. ತಾರಸಿಯ ಮೇಲೆ ಪಾತಿ ಕಟ್ಟಿ ನೀರು ನಿಲ್ಲಿಸುವುದು, ಕಂಬಗಳಿಗೆ ಸುತ್ತಿದ ಗೋಣಿತಾಟು ಆರದಂತೆ ನೋಡಿಕೊಳ್ಳುವುದು, ಬೆಳಿಗ್ಗೆ ಸಂಜೆ ಗೋಡೆಗೆ ಪೈಪು ಹಿಡಿಯುವುದು ಆ ಮನೆಯ ಹೆಣ್ಣುಮಗಳ ಪಾಲಿಗೆ ಬರುತ್ತದೆ, ಅಡುಗೆ, ಮಗು, ಕೂಲಿಯ ನಡುವೆ. ಲಕ್ಷಗಟ್ಟಲೆ ಸುರಿದ ಕಾಂಕ್ರೀಟಿನ ಬಲ ನಿಂತಿರುವುದು, ಗುತ್ತಿಗೆಯ ಪತ್ರದಲ್ಲೆಲ್ಲೂ ಹೆಸರಿಲ್ಲದ ಈಕೆಯ ನೆನಪಿನ ಮೇಲೆ.

ಕರಣೆ ಮತ್ತು ಮಣಿಕಟ್ಟು

ಪ್ಲಾಸ್ಟರ್ ಕೆಲಸವನ್ನು ಒಮ್ಮೆಯಾದರೂ ಕುಳಿತು ನೋಡಬೇಕು. ಗೋಡೆಗೆ ಹಿಂದಿನ ದಿನವೇ ನೀರು ಹೊಡೆದಿರುತ್ತಾರೆ, ಇಲ್ಲವಾದರೆ ಒಣ ಇಟ್ಟಿಗೆ ಗಾರೆಯ ನೀರನ್ನೆಲ್ಲ ಹೀರಿಬಿಡುತ್ತದೆ. ಕಾಂಕ್ರೀಟು ಕಂಬದ ನುಣುಪು ಮೈಗೆ ಗಾರೆ ಹಿಡಿಯಲೆಂದು ಉಳಿಯಿಂದ ಕಚ್ಚು ಹೊಡೆದಿರುತ್ತಾರೆ. ಕಂಬ ಮತ್ತು ಗೋಡೆ ಕೂಡುವ ಸಂದಿಗೆ ಕೋಳಿಬಲೆ ಬಡಿದಿರುತ್ತಾರೆ, ಏಕೆಂದರೆ ಅವೆರಡೂ ಬಿಸಿಲಿಗೆ ಒಂದೇ ಸಮ ಹಿಗ್ಗುವುದಿಲ್ಲ, ಬಲೆಯಿಲ್ಲದಿದ್ದರೆ ವರ್ಷ ತುಂಬುವುದರೊಳಗೆ ಅಲ್ಲೊಂದು ನೇರ ಬಿರುಕು ಖಂಡಿತ. ಮೇಸ್ತ್ರಿ ತೂಗುಗುಂಡು ಇಳಿಬಿಟ್ಟು, ಮುರಿದ ಟೈಲಿನ ಸಣ್ಣ ಬಿಲ್ಲೆಗಳನ್ನು ಗಾರೆಯಲ್ಲಿ ಅಂಟಿಸಿ, ಗೋಡೆಯ ಮುಂದಿನ ಮುಖ ಎಲ್ಲಿ ಬರಬೇಕು ಅಂತ ಅಲ್ಲಲ್ಲಿ ಗುರುತಿಡುತ್ತಾನೆ. ಒಳಗೋಡೆಗೆ 12 ಎಂಎಂ, ಹೊರಗೋಡೆಗೆ ಎರಡು ಸಲ ಹಾಕಿ 20 ಎಂಎಂ, ತಾರಸಿಯ ತಳಕ್ಕೆ 6 ಎಂಎಂ.

ಆಮೇಲೆ ಕರಣೆ. ಗಾರೆಯನ್ನು ಗೋಡೆಗೆ ಮೆತ್ತುವುದಲ್ಲ, ಎಸೆಯುವುದು. ಮಣಿಕಟ್ಟು ಒಮ್ಮೆ ತಿರುಗುತ್ತದೆ, ಮುಂಗೈ ಅಲುಗುವುದೇ ಇಲ್ಲ, ಕರಣೆಯ ಗಾರೆ ಬೀಸಣಿಗೆಯಂತೆ ಹರಡಿಕೊಂಡು ಗೋಡೆಗೆ ಬಡಿಯುತ್ತದೆ. ಆ ಬಡಿತದಲ್ಲೇ ಅದು ಇಟ್ಟಿಗೆಯ ಸಂದಿಗೆ ಹೊಕ್ಕು ಗಾಳಿ ಹೊರದೂಡಿ ಕಚ್ಚಿಕೊಳ್ಳುತ್ತದೆ. ಹೊಸಬ ಎಸೆದರೆ ಅರ್ಧ ನೆಲಕ್ಕೆ. ಪಳಗಿದವನ ಕಾಲಬುಡ ಕೆಲಸ ಮುಗಿದಾಗಲೂ ಹೆಚ್ಚುಕಡಿಮೆ ಸ್ವಚ್ಛ. ಬಿಲ್ಲೆಯಿಂದ ಬಿಲ್ಲೆಗೆ ಅಲ್ಯುಮಿನಿಯಂ ಪಟ್ಟಿ ಎಳೆದು, ಹೆಚ್ಚಿದ್ದನ್ನು ಕೆರೆದು, ತಗ್ಗಿದ್ದಲ್ಲಿ ಮತ್ತೆ ಎಸೆದು, ಮರದ ಹಲಗೆಯಿಂದ ದುಂಡಗೆ ಉಜ್ಜುತ್ತಾನೆ. ಯಾವಾಗ ಉಜ್ಜಬೇಕು ಅನ್ನುವುದು ಗಡಿಯಾರದಲ್ಲಿಲ್ಲ. ಹೆಬ್ಬೆಟ್ಟು ಒತ್ತಿದರೆ ಗುರುತು ಬೀಳಬೇಕು, ಆದರೆ ಗಾರೆ ಬೆರಳಿಗೆ ಅಂಟಬಾರದು.

ಇಂಥ ಒಂದು ಕಡೆ ಬಾಗಿಲ ಚೌಕಟ್ಟಿನ ಪಕ್ಕ ಕೆಲಸ ನಡೆದಿತ್ತು. ಹುಡುಗನೊಬ್ಬ ಪ್ಲಾಸ್ಟರನ್ನು ಚೌಕಟ್ಟಿನ ಅಂಚು ದಾಟಿಸಿ ಉಜ್ಜುತ್ತಿದ್ದ. ಮೇಸ್ತ್ರಿ ಅಟ್ಟಣಿಗೆಯ ಮೇಲಿಂದಲೇ ಕೂಗಿದರು: “ಲೋ, ಅಲ್ಲಿ ಕೆರೆದು ಒರೆಸೋ. ನಾಳೆ ಬಡಗಿ ಬಂದು ನಿಮ್ಮ ತಾತನ್ನ ನೆನೆಸ್ಕೋತಾನೆ.” ಚೌಕಟ್ಟಿನ ಮುಖ ಮತ್ತು ಪ್ಲಾಸ್ಟರಿನ ಮುಖ ಸರಿಸಮ ಬರಬೇಕು. ಬಡಗಿ ಅದಕ್ಕೆಂದೇ ಇಟ್ಟಿಗೆಯಿಂದ ಮುಂದಕ್ಕೆ ಹನ್ನೆರಡು ಎಂಎಂ ಬಿಟ್ಟು ಚೌಕಟ್ಟು ನಿಲ್ಲಿಸಿರುತ್ತಾನೆ. ಗೋಡೆಯೇ ಒಂದಿಂಚು ವಾಲಿದ್ದರೆ ಪ್ಲಾಸ್ಟರಿನವನು ಆ ಒಂದಿಂಚನ್ನೂ ಗಾರೆಯಲ್ಲೇ ತುಂಬಬೇಕು. ದಪ್ಪ ಹೆಚ್ಚಿದಷ್ಟೂ ಭಾರ, ಭಾರ ಹೆಚ್ಚಿದಷ್ಟೂ ಬಿರುಕು. ಬೆರಳ ಗಂಟಿನಿಂದ ತಟ್ಟಿದರೆ ಡಬಡಬ ಸದ್ದು ಬರುವ ಗೋಡೆಗಳ ಕತೆ ಸಾಮಾನ್ಯವಾಗಿ ಇದೇ.

ಮುಚ್ಚಲು ಏನೂ ಇಲ್ಲದಿದ್ದಾಗ

ತಪ್ಪನ್ನು ಮುಂದಿನವನಿಗೆ ದಾಟಿಸುವ ಈ ವ್ಯವಸ್ಥೆ ಕಾಂಕ್ರೀಟಿನೊಡನೆ ಬಂದದ್ದು ಅಂತ ನನಗನ್ನಿಸುತ್ತದೆ. ಕಲ್ಲಿನ ಕಟ್ಟಡದಲ್ಲಿ ಮುಖದ ಕೆಲಸ ಮೊದಲೇ ಆಗಬೇಕಿತ್ತು. ವಿಧಾನಸೌಧವನ್ನೇ ನೋಡಿ. 1951ರ ಜುಲೈ 13ರಂದು ನೆಹರೂ ಅಡಿಗಲ್ಲು ಹಾಕಿದರು, 1956ರಲ್ಲಿ ಮುಗಿಯಿತು. ಗ್ರಾನೈಟನ್ನು ನೆಲದ ಮೇಲೆಯೇ ಕೆತ್ತಿ ಮುಗಿಸಿ, ಆಮೇಲೆ ಮೇಲೇರಿಸಿ ಕೂರಿಸುವುದು ಕಲ್ಲಿನ ಕೆಲಸದ ಪದ್ಧತಿ. ಅದರ ಮೇಲೆ ಪ್ಲಾಸ್ಟರಿಲ್ಲ, ಪುಟ್ಟಿಯಿಲ್ಲ, ಬಣ್ಣವಿಲ್ಲ. ಒಂದು ಅಂಚು ಸೊಟ್ಟಗಿದ್ದರೆ ಇವತ್ತಿಗೂ ಸೊಟ್ಟಗೇ ಕಾಣುತ್ತಿತ್ತು. ಆ ಕಟ್ಟಡಕ್ಕೆ ದುಡಿದವರ ಲೆಕ್ಕವನ್ನು ಎರಡು ಪಟ್ಟಿಯಾಗಿ ಹೇಳುವುದು ರೂಢಿ: ಕಲ್ಲುಕುಟಿಗರು, ಗಾರೆಯವರು, ಮರಗೆತ್ತನೆಯವರು ಸಾವಿರದೈನೂರಕ್ಕೂ ಮೇಲೆ, ಕುಶಲರಲ್ಲದ ಕೂಲಿಯಾಳುಗಳು ಐದು ಸಾವಿರ. ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರ ಹೆಸರು ಎಲ್ಲರಿಗೂ ಗೊತ್ತು. ವಾಸ್ತುಶಿಲ್ಪಿ ಬಿ.ಆರ್. ಮಾಣಿಕ್ಯಂ ಅವರ ಹೆಸರು ಕೆಲವರಿಗೆ ಗೊತ್ತು. ಉಳಿದವರು ಎರಡು ಅಂಕಿಗಳು.

“ಕುಶಲರಲ್ಲದ” ಅನ್ನುವ ಆ ಪಟ್ಟಿಯನ್ನು ನಾನು ಅಷ್ಟು ಸುಲಭಕ್ಕೆ ನಂಬಲಾರೆ. ಬೆಂಗಳೂರು, ಮೈಸೂರಿನ ಹಳೇ ಬಂಗಲೆಗಳ ಮದ್ರಾಸ್ ತಾರಸಿ ನೆನಪಿಸಿಕೊಳ್ಳಿ. ತೇಗದ ತೊಲೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಓರೆಯಾಗಿ ಸುಣ್ಣದ ಗಾರೆಯಲ್ಲಿ ಜೋಡಿಸಿ, ಮೇಲೆ ಇಟ್ಟಿಗೆ ಜಲ್ಲಿ ಮತ್ತು ಸುಣ್ಣದ ಕಾಂಕ್ರೀಟು ಹಾಸುತ್ತಿದ್ದರು. ಆಮೇಲೆ ಹೆಂಗಸರು ಸಾಲಾಗಿ ಕುಳಿತು ಮರದ ಕೊಡತಿಯಿಂದ ಅದನ್ನು ದಿನಗಟ್ಟಲೆ ಬಡಿಯಬೇಕು. ನಡುನಡುವೆ ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು ಚಿಮುಕಿಸಬೇಕು. ಎಲ್ಲಿಯವರೆಗೆ? ಕೊಡತಿ ತಾನಾಗಿ ಪುಟಿದು ಮೇಲೇಳುವವರೆಗೆ. ಆ ಪುಟಿತ ಗೊತ್ತಾಗುವುದು ಬಡಿಯುವವಳ ಮಣಿಕಟ್ಟಿಗೆ ಮಾತ್ರ. ಒಂದು ಹೊತ್ತು ಮೊದಲೇ ನಿಲ್ಲಿಸಿದರೆ ತಾರಸಿ ಸೋರುತ್ತದೆ. ಪ್ಲಾಸ್ಟರ್ ಮೇಸ್ತ್ರಿಯ ಹೆಬ್ಬೆಟ್ಟಿನ ಪರೀಕ್ಷೆ ಕುಶಲ ಕೆಲಸವಾದರೆ ಇದು ಯಾಕಲ್ಲ? ಬಡಿಯುವವರು ಹೆಂಗಸರಾಗಿದ್ದರು ಅನ್ನುವುದನ್ನು ಬಿಟ್ಟರೆ ನನಗೆ ಬೇರೆ ಕಾರಣ ಹೊಳೆಯುವುದಿಲ್ಲ.

ಸುಣ್ಣಕ್ಕೆ ಸುಟ್ಟ ಇಟ್ಟಿಗೆಯ ಪುಡಿ ಬೆರೆಸಿದರೆ ಸುರ್ಕಿ ಗಾರೆ, ನೀರಿನಲ್ಲೂ ಗಟ್ಟಿಯಾಗುವಂಥದ್ದು. 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆ ನಿಂತಿರುವುದು ಇದರ ಮೇಲೆ. ಇವತ್ತಿನ ಪಿಪಿಸಿ ಮೂಟೆಯಲ್ಲಿ ಹಾರುಬೂದಿ ಮಾಡುವುದೂ ಆ ಇಟ್ಟಿಗೆ ಪುಡಿಯ ಕೆಲಸವನ್ನೇ, ಅಷ್ಟೇ ನಿಧಾನವಾಗಿ. ಸುರ್ಕಿಯ ಕಾಲದವರಿಗೆ ಕಾಯುವುದು ಗೊತ್ತಿತ್ತು. ನಾವು ಸಾಮಾನು ತಂದಿದ್ದೇವೆ, ಅದಕ್ಕೆ ಬೇಕಾದ ಕಾಯುವಿಕೆಯನ್ನು ತಂದಿಲ್ಲ.

ಕರಾವಳಿಯಲ್ಲಿ ಮಾತ್ರ ಇನ್ನೊಂದು ಬಗೆಯ ಶಿಸ್ತು ಬಂತು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಅಚ್ಚಿನಲ್ಲಿ ಒತ್ತಿದ, ಒಂದರೊಳಗೊಂದು ಕೊಂಡಿ ಹಾಕಿಕೊಳ್ಳುವ ಹೆಂಚು. ಅಲ್ಲಿಯವರೆಗೆ ಮಾಡು ಕಟ್ಟುವ ಆಚಾರಿ ತನಗೆ ಒಪ್ಪುವಷ್ಟು ಅಂತರದಲ್ಲಿ ರೀಪು ಹೊಡೆಯಬಹುದಿತ್ತು, ಹುಲ್ಲಾದರೂ ನಾಡಹೆಂಚಾದರೂ ಹೊಂದಿಕೊಳ್ಳುತ್ತಿತ್ತು. ಮಂಗಳೂರು ಹೆಂಚು ಹೊಂದಿಕೊಳ್ಳುವುದಿಲ್ಲ. ಅದರ ಹಿಂಬದಿಯ ಹಲ್ಲು ರೀಪಿಗೆ ಕಚ್ಚಬೇಕು. ರೀಪಿನ ಅಂತರ ತಪ್ಪಿದರೆ ಮೇಲಿನ ಸಾಲು ಕೆಳಗಿನದರ ಮೇಲೆ ಕೂರುವುದೇ ಇಲ್ಲ. ಇಲ್ಲಿ ಕೊನೆಗೆ ಬರುವ ಹೆಂಚು ಮೊದಲು ಬಂದ ಆಚಾರಿಗೆ ಅಳತೆ ಹೇಳುತ್ತಿತ್ತು. ಆಚಾರಿ ಒಂದು ಹೆಂಚನ್ನು ಪಕ್ಕದಲ್ಲಿಟ್ಟುಕೊಂಡೇ ಪಕಾಸಿಯ ಮೇಲೆ ಗುರುತು ಹಾಕುತ್ತಿದ್ದ. ಈಗಿನ ಎಷ್ಟು ಸೈಟುಗಳಲ್ಲಿ ಪ್ಲಂಬರ್ ಕೈಯಲ್ಲಿ ಒಂದು ಟೈಲು ಇರುತ್ತದೆ?

ಸಾಮಾನು ಬದಲಾದಾಗ

ಈಚಿನ ವರ್ಷಗಳಲ್ಲಿ ಇನ್ನೊಂದು ತೊಡಕು ಸೇರಿಕೊಂಡಿದೆ. ವಸ್ತು ಬದಲಾಗುವ ವೇಗಕ್ಕೆ ಕೈಯ ಅಭ್ಯಾಸ ಬದಲಾಗುತ್ತಿಲ್ಲ. ಹಳೇ ಮಣ್ಣಿನ ಟೈಲಿನ ಬೆನ್ನು ನೀರು ಕುಡಿಯುತ್ತಿತ್ತು. ಸಿಮೆಂಟು ನೀರು ಬಳಿದು ಕೂರಿಸಿದರೆ ಕಚ್ಚಿಕೊಳ್ಳುತ್ತಿತ್ತು. ಈಗ ಎಲ್ಲರೂ ಹಾಕಿಸುವ ವಿಟ್ರಿಫೈಡ್ ಟೈಲು ತನ್ನ ತೂಕದ ಶೇ 0.5ರಷ್ಟು ನೀರನ್ನೂ ಹೀರುವುದಿಲ್ಲ, ಗಾಜಿನ ಹಾಗೆ. ಅದರ ಬೆನ್ನಿಗೆ ಸಿಮೆಂಟು ಹಿಡಿಯುವುದು ಕಷ್ಟ. ಹಲ್ಲುಕರಣೆಯಲ್ಲಿ ಗೀರಿ ಹಚ್ಚುವ ಅಂಟು ಬೇಕು. ಆದರೆ ಅಂಟಿನ ಮೂಟೆಗೆ ಸಿಮೆಂಟಿಗಿಂತ ಹೆಚ್ಚು ದುಡ್ಡು. ಮಾಲೀಕರು ಬೇಡ ಅನ್ನುತ್ತಾರೆ, ಟೈಲ್ಸಿನವನು ಅಪ್ಪ ಕಲಿಸಿದ ಹಾಗೆ ನಾಲ್ಕು ಮೂಲೆಗೆ ನಾಲ್ಕು ಮುದ್ದೆ ಇಟ್ಟು ಒತ್ತುತ್ತಾನೆ. ಎರಡು ಬೇಸಿಗೆ ಕಳೆದ ಮೇಲೆ ಹಾಲಿನ ನಡುವೆ ಟೈಲುಗಳು ಬೆನ್ನೆತ್ತಿ ನಿಲ್ಲುತ್ತವೆ.

ಮರಳಿನ ಕತೆಯೂ ಇದೇ. ನದಿ ಮರಳು ದುಬಾರಿಯಾಗಿ, ಅಪರೂಪವಾಗಿ, ಅದರ ಜಾಗಕ್ಕೆ ಕಲ್ಲು ಪುಡಿ ಮಾಡಿದ ಎಂ ಸ್ಯಾಂಡ್ ಬಂತು. ನದಿಯಲ್ಲಿ ಉರುಳಿ ದುಂಡಾದ ಕಣ ಬೇರೆ, ಯಂತ್ರದಲ್ಲಿ ಒಡೆದ ಚೂಪು ಕಣ ಬೇರೆ. ಕರಣೆಯ ಕೆಳಗೆ ಅದು ಜಾರುವ ರೀತಿ ಬೇರೆ, ಕೇಳುವ ನೀರು ಬೇರೆ. ಪ್ಲಾಸ್ಟರಿಗೆಂದೇ ನುಣ್ಣಗಿನ ಪಿ ಸ್ಯಾಂಡ್ ಇದೆ, ಆದರೆ ಒಂದೇ ಲೋಡಿನಲ್ಲಿ ಎರಡೂ ಕೆಲಸ ಮುಗಿಸುವ ಆಸೆ ಬಿಡುವವರು ಕಡಿಮೆ. ದೊಡ್ಡ ಅಪಾರ್ಟ್‌ಮೆಂಟುಗಳಂತೂ ಮೈವಾನ್ ಅಚ್ಚುಗಳಿಗೆ ಹೋಗಿವೆ. ಗೋಡೆಯನ್ನೂ ತಾರಸಿಯನ್ನೂ ಒಟ್ಟಿಗೆ ಕಾಂಕ್ರೀಟಿನಲ್ಲಿ ಎರೆದುಬಿಡುತ್ತಾರೆ. ಗಾರೆಯ ಪ್ಲಾಸ್ಟರಿಗೆ ಅಲ್ಲಿ ಕೆಲಸವೇ ಇಲ್ಲ. ಇದಕ್ಕೆ ಕಣ್ಣೀರು ಹಾಕುವವನಲ್ಲ ನಾನು. ನೆಟ್ಟಗಿನ ಗೋಡೆ ಯಾರು ಮಾಡಿದರೂ ನೆಟ್ಟಗಿನ ಗೋಡೆಯೇ. ಆದರೆ ಮೂವತ್ತು-ನಲವತ್ತರ ಸೈಟಿಗೆ ಮೈವಾನ್ ಬರುವುದಿಲ್ಲ, ಅಲ್ಲಿ ಕರಣೆ ಹಿಡಿದವನೇ ಬೇಕು. ಐಟಿಐಗಳಲ್ಲಿ ಒಂದು ವರ್ಷದ ಮೇಸನ್ ಕೋರ್ಸಿದೆ. ನಮ್ಮ ಸೈಟುಗಳಲ್ಲಿ ಕಾಣುವ ಮೇಸ್ತ್ರಿಗಳು ಮಾತ್ರ ಬಾಣಲೆ ಹೊತ್ತು, ಗಾರೆ ಕಲಸಿ, ದೊಡ್ಡವರು ಊಟಕ್ಕೆ ಹೋದಾಗ ಕದ್ದು ಕರಣೆ ಹಿಡಿದು ಕಲಿತವರು.

ಈ ಏಣಿ ಗಂಡಸರಿಗೆ ಮಾತ್ರ. ಹದಿನೆಂಟಕ್ಕೆ ಬಾಣಲೆ ಹೊತ್ತ ಹುಡುಗ ಮೂವತ್ತಕ್ಕೆ ಮೇಸ್ತ್ರಿಯಾಗುತ್ತಾನೆ. ಹದಿನೆಂಟಕ್ಕೆ ಬಾಣಲೆ ಹೊತ್ತ ಹುಡುಗಿ ಐವತ್ತಕ್ಕೂ ತಲೆಯ ಮೇಲಿನ ಸಿಂಬೆ ಇಳಿಸುವುದಿಲ್ಲ. ಗಾರೆ ಕಲಸುವ ಹದ ಆಕೆಗೆ ಮೇಸ್ತ್ರಿಗಿಂತ ಚೆನ್ನಾಗಿ ಗೊತ್ತಿರುತ್ತದೆ, ಹದ ಕೆಟ್ಟರೆ ಬೈಸಿಕೊಳ್ಳುವುದು ಆಕೆಯೇ ಆದ್ದರಿಂದ. ರಾಯಚೂರು ಕಡೆಯ ಒಬ್ಬರನ್ನು, “ಅಕ್ಕಾ, ನೀವೂ ಕರಣೆ ಹಿಡೀಬಹುದಲ್ಲ?” ಅಂತ ಕೇಳಿದ್ದೆ. “ಹಿಡಿತೀನ್ರಿ. ಅದ್ರಾಗೇನೈತಿ? ಆದ್ರ ಕರಣಿ ಹಿಡಿದವರ ಪಗಾರ ನಮಗ ಕೊಡೋರ್ ಯಾರ್ರಿ?” ಅಂದರು. ಬಾಣಲೆ ತುಂಬಿತ್ತು, ಹೊರಟರು.

1996ರಲ್ಲಿ ಕಟ್ಟಡ ಕಾರ್ಮಿಕರಿಗೆಂದೇ ಕಾಯ್ದೆ ಬಂತು. ಕಟ್ಟಡದ ವೆಚ್ಚದ ಶೇ 1ರಷ್ಟನ್ನು ಸೆಸ್ಸಾಗಿ ವಸೂಲಿ ಮಾಡಿ ಅವರ ಕಲ್ಯಾಣಕ್ಕೆ ಖರ್ಚು ಮಾಡುವ ಏರ್ಪಾಡು. ಕರ್ನಾಟಕದಲ್ಲಿ ಕಲ್ಯಾಣ ಮಂಡಳಿ ಬಂದದ್ದು 2007ರಲ್ಲಿ. ಅಲ್ಲಿ ಹೆಸರು ನೋಂದಾಯಿಸಲು ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದಕ್ಕೆ ದಾಖಲೆ ಬೇಕು. ಒಂದು ಮೇಸ್ತ್ರಿಯ ಕೈಕೆಳಗೆ ವರ್ಷವೆಲ್ಲ ಇರುವವನಿಗೆ ಇದು ಸುಲಭ. ಬೆಳಿಗ್ಗೆ ಸರ್ಕಲ್ಲಿನಲ್ಲಿ ನಿಂತು ಕರೆದವರ ಗಾಡಿ ಹತ್ತುವವನು, ಇವತ್ತು ಒಂದು ಬಡಾವಣೆ ನಾಳೆ ಇನ್ನೊಂದು ಅಂತ ಅಲೆಯುವವನು, ಯಾರ ಹತ್ತಿರ ಸಹಿ ಹಾಕಿಸಿಕೊಳ್ಳಬೇಕು?

ತಪ್ಪು ದಾಟಿಸುವ ಈ ಸರಪಳಿಯ ಕೊನೆಯಲ್ಲಿ ನಿಂತವನು ಪೇಂಟರ್. ಅವನು ಬರುವ ಹೊತ್ತಿಗೆ ಉಳಿದವರೆಲ್ಲ ಹೋಗಿರುತ್ತಾರೆ. ಕೋಣೆಯ ಕಿಟಕಿ ಮುಚ್ಚಿ, ಒಂದು ಬಲ್ಬನ್ನು ಗೋಡೆಗೆ ಒತ್ತಿದ ಹಾಗೆ ಪಕ್ಕದಿಂದ ಹಿಡಿಯುತ್ತಾನೆ. ಎದುರು ನಿಂತು ನೋಡಿದಾಗ ಸಪಾಟಾಗಿದ್ದ ಗೋಡೆಯಲ್ಲಿ ಆಗ ಅಲೆ, ಹಳ್ಳ, ಉಬ್ಬು ಎಲ್ಲ ನೆರಳಾಗಿ ಎದ್ದು ನಿಲ್ಲುತ್ತವೆ. ಕಂಬದ ಹತ್ತಿರ ಪ್ಲಾಸ್ಟರಿನವನು ಅವಸರ ಮಾಡಿದ್ದು, ಎಲೆಕ್ಟ್ರಿಷಿಯನ್ ಪೈಪು ಹೂತು ಕಾಟಾಚಾರಕ್ಕೆ ಮುಚ್ಚಿದ್ದು, ಬಡಗಿಯ ಸುತ್ತಿಗೆ ಜಾರಿದ್ದು. ಅದೆಲ್ಲಕ್ಕೂ ಪುಟ್ಟಿ ತುಂಬಿ, ಒಣಗಿದ ಮೇಲೆ ಎಮರಿ ಪೇಪರಿನಿಂದ ಉಜ್ಜಬೇಕು. ಉಜ್ಜಿದ ಪುಡಿ ಹಿಟ್ಟಿನಷ್ಟು ನುಣುಪು, ಕೋಣೆಯ ಗಾಳಿಯೆಲ್ಲ ಬೆಳ್ಳಗಾಗುತ್ತದೆ. ಮೂಗಿಗೆ ಕಟ್ಟಿದ ಕರ್ಚೀಫು ಎಷ್ಟನ್ನು ತಡೆದೀತು? ಒಣ ಗ್ರಾನೈಟು ಕೊಯ್ಯುವವರ ಎದೆಗೆ ಹೋಗುವ ಧೂಳು ಇದಕ್ಕಿಂತ ಕೆಟ್ಟದ್ದು. ಒಂದಿಷ್ಟು ನೀರು ಹಾಯಿಸುತ್ತಾ ಕೊಯ್ದರೆ ಅದರ ಬಹುಪಾಲು ಏಳುವುದೇ ಇಲ್ಲ. ನೀರು ಹಾಯಿಸಿದರೆ ನೆಲ ಕೆಸರಾಗುತ್ತದೆ ಅಂತ ಹಾಯಿಸುವುದಿಲ್ಲ.

ದುಡ್ಡು ಕೂಡ ಕೆಲಸದ ಸರತಿಯಲ್ಲೇ ಖಾಲಿಯಾಗುತ್ತದೆ. ಪಾಯದವನಿಗೆ ಬ್ಯಾಂಕಿನ ಮೊದಲ ಕಂತು, ಹೊಸ ಉತ್ಸಾಹ, ಕೇಳಿದಷ್ಟು. ಮೋಲ್ಡಿಗೆ ತಕರಾರಿಲ್ಲ. ಟೈಲ್ಸಿನ ಹೊತ್ತಿಗೆ ಕೈ ಬಿಗಿ. ಪೇಂಟರ್ ಬರುವಾಗ ಗೃಹಪ್ರವೇಶದ ಕಾರ್ಡು ಅಚ್ಚಾಗಿರುತ್ತದೆ, ಸಾಲ ಕುತ್ತಿಗೆಗೆ ಬಂದಿರುತ್ತದೆ. ಎಲ್ಲರ ತಪ್ಪನ್ನೂ ತುಂಬಬೇಕಾದವನ ಮುಂದೆ, “ನೋಡಪ್ಪಾ, ಬಜೆಟ್ ಮುಗಿದಿದೆ, ಸ್ವಲ್ಪ ನೋಡ್ಕೊಂಡು ಮಾಡು” ಅನ್ನುವ ಮಾತು ಬರುತ್ತದೆ. ತಪ್ಪು ಮಾಡಿದವರ ಲೆಕ್ಕ ಎಂದೋ ಚುಕ್ತಾ ಆಗಿ, ಅವರು ಇನ್ನೊಂದು ಬಡಾವಣೆಯಲ್ಲಿ ಇನ್ನೊಂದು ಪಾಯಕ್ಕೆ ದಾರ ಕಟ್ಟುತ್ತಿರುತ್ತಾರೆ. ಪೇಂಟರುಗಳಿಗೆ ಇದು ಅಭ್ಯಾಸವಾಗಿ ಹೋಗಿದೆ. ಚದರಡಿಗೆ ಎಷ್ಟು ಅಂತ ಫೋನು ಮಾಡಿ ಕೇಳಿದರೆ ಅನುಭವ ಇರುವವರು ಬಾಯಿ ಬಿಟ್ಟು ದರ ಹೇಳುವುದಿಲ್ಲ. ಮನೆ ಎಷ್ಟು ಚದರ ಅಂತಲೂ, ಯಾವ ಕಂಪನಿಯ ಬಣ್ಣ ಅಂತಲೂ ಮೊದಲು ಕೇಳುವುದಿಲ್ಲ.

“ಪ್ಲಾಸ್ಟರ್ ಯಾರು ಮಾಡಿದ್ದು ಸಾರ್?” ಅಂತ ಕೇಳುತ್ತಾರೆ.